ತಡೆಯುವವನ ಹಿರಿಮೆ

ಆಟದ ಬಯಲಿನಲ್ಲಿ ಜನರ ಕಣ್ಣು ಸಾಮಾನ್ಯವಾಗಿ ಗೋಲು ಹೊಡೆದವನನ್ನೇ ಅರಸುತ್ತದೆ. ಚಪ್ಪಾಳೆ ಅವನಿಗೆ, ಹೂಮಾಲೆ ಅವನಿಗೆ, ಮರುದಿನದ ಪತ್ರಿಕೆಯಲ್ಲಿ ಚಿತ್ರವೂ ಅವನದೇ. ಎದುರಾಳಿಯ ಗೋಲನ್ನು ತಡೆದವನ ಹೆಸರು ಎಷ್ಟು ಜನರ ನೆನಪಿನಲ್ಲಿ ಉಳಿಯುತ್ತದೆ? ಕೆರೆಯ ಏರಿ ಒಡೆದ ದಿನ ಊರೆಲ್ಲ ಅಲ್ಲಿ ನೆರೆಯುತ್ತದೆ; ಅದು ಒಡೆಯದಂತೆ ಮಳೆಗಾಲವೆಲ್ಲ ಕಾಯ್ದ ನೀರಗಂಟಿಯನ್ನು ಕೇಳುವವರಿಲ್ಲ. ಆದುದನ್ನು ಲೆಕ್ಕ ಹಾಕುವುದು ಸುಲಭ. ಆಗದಂತೆ ತಡೆದುದನ್ನು ಲೆಕ್ಕ ಹಾಕುವುದು ಕಷ್ಟ.

ತಡೆಯುವವನ ವಿಷಯದಲ್ಲಿ ಲೋಕಕ್ಕೆ ಇನ್ನೊಂದು ತಪ್ಪು ತಿಳಿವಳಿಕೆಯೂ ಉಂಟು. ತಡೆಯಬೇಕಾದರೆ ಹೊಡೆಯಬೇಕು, ಹೆದರಿಸಬೇಕು, ಎದುರಾಳಿಯನ್ನು ನೆಲಕ್ಕೆ ಕೆಡವಬೇಕು ಎಂದು ಅನೇಕರು ನಂಬಿದ್ದಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ಐಸ್ ಹಾಕಿಗಿಂತ ಒಳ್ಳೆಯ ಒರೆಗಲ್ಲು ಸಿಗಲಾರದು. ಏಕೆಂದರೆ ಅಲ್ಲಿ ಮೈಯಿಂದ ಮೈಯನ್ನು ತಳ್ಳುವುದಕ್ಕೆ ನಿಯಮಗಳೇ ಒಂದು ಮಿತಿಯೊಳಗೆ ಅವಕಾಶ ಕೊಟ್ಟಿವೆ.

ಹಾಕಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಯಲಿನ ಆಟ. ಕೆನಡಾ, ಅಮೆರಿಕ, ಸ್ವೀಡನ್ ಮೊದಲಾದ ಚಳಿನಾಡುಗಳಲ್ಲಿ ಆ ಹೆಸರಿನ ಬೇರೊಂದು ಆಟ ಜನಪ್ರಿಯವಾಗಿದೆ. ಅದನ್ನು ಆಡುವುದು ಹೆಪ್ಪುಗಟ್ಟಿದ ನೀರಿನ ಅಂಗಳದ ಮೇಲೆ. ಉತ್ತರ ಅಮೆರಿಕದ ಪ್ರಮುಖ ಕ್ರೀಡಾ ಸಂಘಟನೆಯಾದ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸ್ಥಾಪಿತವಾಯಿತು. ಅದರ ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಒಮ್ಮೆಗೆ ಪ್ರತಿ ತಂಡದಿಂದ ಆರು ಮಂದಿ ಕಣದಲ್ಲಿರುತ್ತಾರೆ: ಮೂವರು ಮುನ್ನುಗ್ಗುವವರು, ಇಬ್ಬರು ರಕ್ಷಕರು, ಒಬ್ಬ ಗೋಲಿ. ಚೆಂಡಿಗೆ ಬದಲಾಗಿ ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಬಳಕೆಯಲ್ಲಿದೆ. ಬಲವಾಗಿ ಬೀಸಿದಾಗ ಅದು ಗಂಟೆಗೆ 150 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಹಾರುವುದುಂಟು. ಉಕ್ಕಿನ ಅಲಗುಳ್ಳ ಪಾದರಕ್ಷೆಗಳ ಮೇಲೆ ಜಾರುತ್ತ ಬರುವ ಎದುರಾಳಿಯನ್ನು, ತಾನು ಹಿಂದಕ್ಕೆ ಜಾರುತ್ತಲೇ ಎದುರಿಸಬೇಕಾದವನು ರಕ್ಷಕ.

ಇಂಥ ರಕ್ಷಕರಲ್ಲಿ ಅಗ್ರಗಣ್ಯನೆನಿಸಿದವನು ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್. ಅವನು ಹುಟ್ಟಿದ್ದು 1970ರಲ್ಲಿ. ಅಮೆರಿಕದ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದವರು 1989ರಲ್ಲಿ ಅವನನ್ನು ಆರಿಸಿಕೊಂಡರು. ಆ ವರ್ಷದ ಆಯ್ಕೆಯಲ್ಲಿ ಅವನ ಸ್ಥಾನ 53ನೆಯದು. ಅಂದರೆ ಅವನಿಗಿಂತ ಮೊದಲು 52 ತರುಣರ ಹೆಸರುಗಳನ್ನು ಕೂಗಲಾಗಿತ್ತು. 1991ರಲ್ಲಿ ಆಡತೊಡಗಿದ ಅವನು 2012ರಲ್ಲಿ ನಿವೃತ್ತನಾಗುವವರೆಗೆ ಒಂದೇ ತಂಡದಲ್ಲಿದ್ದು, 1564 ಪಂದ್ಯಗಳನ್ನು ಆಡಿದನು. 1997, 1998, 2002 ಮತ್ತು 2008ರಲ್ಲಿ ಅವನ ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು. 2006ರ ಚಳಿಗಾಲದ ಒಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ ಸ್ವೀಡನ್ ಫಿನ್ಲೆಂಡನ್ನು 3–2ರಿಂದ ಸೋಲಿಸಿದಾಗ, ಗೆಲುವಿನ ಗೋಲನ್ನು ಹೊಡೆದವನೂ ಈ ರಕ್ಷಕನೇ.

ವರ್ಷದ ಅತ್ಯುತ್ತಮ ರಕ್ಷಕನಿಗೆ ಸಲ್ಲುವ ನಾರಿಸ್ ಪಾರಿತೋಷಕ ಅವನಿಗೆ ಬೇಗ ಒಲಿಯಲಿಲ್ಲ. 1998, 1999, 2000 ಹೀಗೆ ಸತತವಾಗಿ ಮೂರು ವರ್ಷ ಅವನು ಎರಡನೆಯ ಸ್ಥಾನದಲ್ಲಿ ನಿಂತನು. 2001ರಲ್ಲಿ, 31ನೆಯ ವಯಸ್ಸಿನಲ್ಲಿ, ಅದು ಮೊದಲ ಬಾರಿಗೆ ಅವನ ಕೈಸೇರಿತು. ಅನಂತರ ಆರು ಬಾರಿ ಅದು ಅವನಿಗೇ ದೊರೆಯಿತು. ಕೊನೆಯದು 2011ರಲ್ಲಿ, 41ನೆಯ ವಯಸ್ಸಿನಲ್ಲಿ.

ಈ ಪ್ರಶಸ್ತಿಗಳಿಗಿಂತಲೂ ನನ್ನ ಗಮನವನ್ನು ಸೆಳೆದ ಅಂಕಿಯೊಂದಿದೆ. ಐಸ್ ಹಾಕಿಯಲ್ಲಿ ನಿಯಮ ಮುರಿದವನು ಕಣದಿಂದ ಹೊರಹೋಗಿ ಕುಳಿತಿರಬೇಕು. ಸಣ್ಣ ತಪ್ಪಿಗೆ ಎರಡು ನಿಮಿಷ, ದೊಡ್ಡ ತಪ್ಪಿಗೆ ಐದು ನಿಮಿಷ. 1564 ಪಂದ್ಯಗಳಲ್ಲಿ ಲಿಡ್‌ಸ್ಟ್ರೋಮ್ ಪಡೆದ ದಂಡ ಒಟ್ಟು 514 ನಿಮಿಷ. ಹೆಚ್ಚುಕಡಮೆ ಮೂರು ಪಂದ್ಯಗಳಿಗೆ ಒಂದು ನಿಮಿಷ! ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕಣದಲ್ಲಿ ನಿಂತು, ಎದುರಾಳಿಗಳಲ್ಲಿ ಅತ್ಯಂತ ಚತುರರಾದವರನ್ನೇ ತಡೆಯುವ ಹೊಣೆ ಹೊತ್ತವನ ಲೆಕ್ಕವಿದು.

ಅವನು ತಡೆಯುತ್ತಿದ್ದುದಾದರೂ ಹೇಗೆ? ಬುದ್ಧಿಯಿಂದ. ಪಕ್ ಎಲ್ಲಿಗೆ ಬರುತ್ತದೆ ಎಂಬುದನ್ನು ಮೊದಲೇ ಊಹಿಸಿ ಅವನು ಅಲ್ಲಿ ನಿಂತಿರುತ್ತಿದ್ದನು. ಮುನ್ನುಗ್ಗುವವನಿಗೂ ತನಗೂ ನಡುವಿನ ಅಂತರವನ್ನು ಅಳತೆಯಲ್ಲಿಟ್ಟುಕೊಂಡು, ಅವನನ್ನು ಮೆಲ್ಲಮೆಲ್ಲನೆ ಅಂಗಳದ ಅಂಚಿಗೆ ಸರಿಸುತ್ತಿದ್ದನು. ಅಂಚಿಗೆ ಹೋದಷ್ಟೂ ಗೋಲಿನ ಬಾಯಿ ಕಿರಿದಾಗಿ ಕಾಣುತ್ತದೆ. ಹೊಡೆತದ ಬಲ ವ್ಯರ್ಥವಾಗುತ್ತದೆ. ಕೋಲನ್ನು ಸರಿಯಾದ ಗಳಿಗೆಯಲ್ಲಿ ಚಾಚಿ ಪಕ್ಕನ್ನು ಕಸಿದರೆ ಕೆಲಸ ಮುಗಿಯಿತು. ಯಾರೂ ಬೀಳಲಿಲ್ಲ, ಯಾರಿಗೂ ಗಾಯವಾಗಲಿಲ್ಲ, ಗೋಲೂ ಆಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. “ಒರಟಾಗಿ ಆಡಿದವರೂ ಗೆದ್ದಿಲ್ಲವೇ?” ಎಂದು ಯಾರಾದರೂ ಕೇಳಿದರೆ, ಗೆದ್ದಿದ್ದಾರೆ ಎಂದು ಪ್ರಾಮಾಣಿಕವಾಗಿ ಒಪ್ಪಬೇಕು. ಕೆನಡಾದ ಕ್ರಿಸ್ ಪ್ರಾಂಗರ್ ಅಂಥ ರಕ್ಷಕ. ಎತ್ತರದ ಆಳು, ಅಸಾಧಾರಣ ಪ್ರತಿಭಾವಂತ. 2000ದಲ್ಲಿ ಲಿಡ್‌ಸ್ಟ್ರೋಮನನ್ನು ಹಿಂದಿಕ್ಕಿ ನಾರಿಸ್ ಪಾರಿತೋಷಕ ಪಡೆದವನು ಅವನೇ. ಮಿತಿಮೀರಿದ ಒರಟುತನಕ್ಕಾಗಿ ಲೀಗಿನವರು ತನ್ನನ್ನು ಎಂಟು ಬಾರಿ ಅಮಾನತುಗೊಳಿಸಿದರೂ ಅವನು ದೊಡ್ಡ ಆಟಗಾರನಾಗಿಯೇ ಉಳಿದನು. 2007ರಲ್ಲಿ ಅವನ ಅನಾಹೈಮ್ ತಂಡ ಲಿಡ್‌ಸ್ಟ್ರೋಮನ ತಂಡವನ್ನು ಸೋಲಿಸಿ ಮುಂದೆ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದಿತು. ಆ ಸರಣಿಯಲ್ಲಿಯೂ ಒಂದು ಪಂದ್ಯದ ಮಟ್ಟಿಗೆ ಅವನಿಗೆ ನಿಷೇಧ ಬಿದ್ದಿತ್ತು. 2015ರಲ್ಲಿ ಇಬ್ಬರೂ ಒಂದೇ ದಿನ ಹಾಕಿಯ ಕೀರ್ತಿಮಂದಿರಕ್ಕೆ ಸೇರಿದರು. ಆದುದರಿಂದ ‘ಸೌಮ್ಯನಿಗೇ ಸದಾ ಜಯ’ ಎಂದು ಹೇಳಿದರೆ ಅದು ಸತ್ಯವಾಗದು.

ಹಾಗಾದರೆ ಎರಡು ಹಾದಿಗಳೂ ಸಮಾನವೆ? ಅಲ್ಲವೆಂದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ದಂಡ ಪಡೆದವನು ಹೊರಗೆ ಕುಳಿತಾಗ ಅವನ ತಂಡ ಒಬ್ಬ ಕಡಮೆಯಾಗಿ ಆಡಬೇಕಾಗುತ್ತದೆ. ಕಾಯಬೇಕಾದವನೇ ಕಾವಲು ತಪ್ಪಿಸಿಕೊಂಡಂತಾಗುತ್ತದೆ. ಎರಡನೆಯದಾಗಿ, ಒರಟು ಆಟದ ಬೆಲೆಯನ್ನು ತೆರುವವನು ಹೊಡೆದವನಲ್ಲ, ಹೊಡೆಸಿಕೊಂಡವನು. ತಲೆಗೆ ಮತ್ತೆ ಮತ್ತೆ ಪೆಟ್ಟು ಬೀಳುವುದರಿಂದ ಮಿದುಳಿಗೆ ದೀರ್ಘಕಾಲದ ಹಾನಿಯಾಗಬಲ್ಲುದೆಂದು ವೈದ್ಯರು ಇಂದು ಎಚ್ಚರಿಸುತ್ತಿದ್ದಾರೆ. ಪ್ರೇಕ್ಷಕರ ಒಂದು ಕ್ಷಣದ ಕೇಕೆಗೆ ಒಬ್ಬನ ಮುಂದಿನ ಬದುಕು ಬೆಲೆಯಾಗಬೇಕೆ? ಮೂರನೆಯದಾಗಿ, ಪ್ರಾಂಗರ್ ದೊಡ್ಡವನಾದದ್ದು ಅವನ ಕುಶಲತೆಯಿಂದ. ಎಂಟು ಅಮಾನತುಗಳು ಅವನ ಹಿರಿಮೆಗೆ ಏನನ್ನೂ ಕೂಡಿಸಲಿಲ್ಲ. ಕುಶಲತೆಯಿಲ್ಲದೆ ಒರಟುತನ ಮಾತ್ರವಿದ್ದವರ ಹೆಸರುಗಳನ್ನು ಇತಿಹಾಸ ಉಳಿಸಿಕೊಳ್ಳುವುದು ಅಪರೂಪ.

ಆದರೂ ಸೌಮ್ಯತೆಗೆ ಸಲ್ಲಬೇಕಾದ ಮನ್ನಣೆ ಸುಲಭವಾಗಿ ಸಿಗುವುದಿಲ್ಲ. ಸಭ್ಯತೆಯಿಂದಲೂ ಉತ್ತಮವಾಗಿಯೂ ಆಡಿದವನಿಗೆ ಲೇಡಿ ಬಿಂಗ್ ಪಾರಿತೋಷಕವನ್ನು 1925ರಿಂದ ಕೊಡುತ್ತ ಬಂದಿದ್ದಾರೆ. 1948–49ರ ಸಾಲಿನ 60 ಪಂದ್ಯಗಳಲ್ಲಿ ಒಂದು ನಿಮಿಷದ ದಂಡವನ್ನೂ ಪಡೆಯದ ಬಿಲ್ ಕ್ವಾಕೆನ್‌ಬುಶ್ ಆ ಗೌರವಕ್ಕೆ ಪಾತ್ರನಾದ ಮೊದಲ ರಕ್ಷಕ. 1954ರಲ್ಲಿ ರೆಡ್ ಕೆಲಿ ಎಂಬ ರಕ್ಷಕನಿಗೆ ಅದು ದೊರೆತ ಮೇಲೆ, ಮತ್ತೊಬ್ಬ ರಕ್ಷಕನಿಗೆ ದೊರೆತದ್ದು 2012ರಲ್ಲಿ. ನಡುವೆ 58 ವರ್ಷಗಳು ಉರುಳಿದ್ದವು. ಲಿಡ್‌ಸ್ಟ್ರೋಮನಿಗೆ ಅದು ಒಮ್ಮೆಯೂ ಸಿಗಲಿಲ್ಲ. ರಕ್ಷಕನೆಂದರೆ ಒರಟನೆಂಬ ಭಾವನೆ ಎಷ್ಟು ಆಳವಾಗಿ ಬೇರೂರಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆಟದ ಅಂಗಳ ಬದುಕಿನ ಒಂದು ಚಿಕ್ಕ ಮಾದರಿ. ರೋಗ ಹರಡದಂತೆ ಮನೆಮನೆಗೆ ಹೋಗಿ ಲಸಿಕೆ ಹಾಕುವ ದಾದಿ, ರೈಲುಹಳಿಯ ಬಿರುಕನ್ನು ಹುಡುಕುತ್ತ ಮೈಲಿಗಟ್ಟಲೆ ನಡೆಯುವ ಕಾರ್ಮಿಕ, ಜಗಳ ಹೊಡೆದಾಟಕ್ಕೆ ತಿರುಗದಂತೆ ಮಾತಿನಿಂದ ತಡೆಯುವ ಹಿರಿಯ, ಇವರೆಲ್ಲರೂ ರಕ್ಷಕರೇ. ಇವರ ಗೆಲುವಿಗೆ ಚಪ್ಪಾಳೆಯಿಲ್ಲ. ಏನೂ ಆಗಲಿಲ್ಲವೆಂಬುದೇ ಇವರ ಗೆಲುವು. ತರುಣರಾದ ನೀವು ಶೌರ್ಯವನ್ನು ಅಳೆಯುವಾಗ, ಎಷ್ಟು ಮಂದಿಯನ್ನು ಕೆಡವಿದನೆಂಬ ಒಂದೇ ಅಳತೆಗೋಲನ್ನು ಹಿಡಿಯಬಾರದು. ಕೆಡವುವ ಶಕ್ತಿಯಿದ್ದೂ ಕೆಡವದೆ, ಕಾಯಬೇಕಾದುದನ್ನು ಕಾಯ್ದವನು ಶೂರರ ಸಾಲಿನಲ್ಲಿ ಮೊದಲು ನಿಲ್ಲತಕ್ಕವನು.