ಪಣದ ಪ್ರಮಾಣ

ಪಣದ ಪ್ರಮಾಣವನ್ನರಿತು ಆಡುವವನಿಗೆ ಆನ್‌ಲೈನ್ ಪೋಕರ್ ಜೂಜಲ್ಲ, ವಿದ್ಯೆ ಎಂಬ ಮಾತು ರೋಣ ತಾಲ್ಲೂಕಿನ ಸವಡಿಯಂತಹ ಊರಿನ ತರುಣರನ್ನೂ ಈಚೆಗೆ ಆಕರ್ಷಿಸುತ್ತಿದೆ. ಅದು ವಿದ್ಯೆಯೆಂಬುದನ್ನು ಒಪ್ಪುತ್ತೇನೆ. ಆ ವಿದ್ಯೆಯೇ ಈ ಆಟಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆಂಬುದು ನನ್ನ ವಾದ.

ನಡುವೆ 100 ರೂಪಾಯಿ ಕೂಡಿರುವಾಗ ನಾವು 50 ಒಡ್ಡಿದರೆ, ಎದುರಾಳಿ ತಾನೂ 50 ತೆತ್ತು ನಾಲ್ಕರಲ್ಲಿ ಒಂದು ಸಲ ಗೆದ್ದರೆ ಅವನಿಗೆ ನಷ್ಟವಿಲ್ಲ. 100ನ್ನೇ ಒಡ್ಡಿದರೆ ಮೂರರಲ್ಲಿ ಒಂದು ಸಲ ಗೆಲ್ಲಬೇಕು. ಅಲ್ಪಪಣದ ಆಟಗಾರರು ಎಲೆ ಕೆಳಗಿಡಲು ಮನಸ್ಸಿಲ್ಲದವರಾದುದರಿಂದ, ಎಲೆ ಬಲವಾಗಿರುವಾಗ ಹೆಚ್ಚು ಒಡ್ಡಬೇಕು, ಬರಿಯ ಬೆದರಿಕೆಯ ಪಣವನ್ನು ಬಿಡಬೇಕೆಂಬ ಉಪದೇಶವೂ ಯುಕ್ತವೇ. 2022ರ ಫೆಬ್ರವರಿ 14ರಂದು ರಾಜ್ಯದ ಆನ್‌ಲೈನ್ ಜೂಜು ನಿಷೇಧದ ಮುಖ್ಯ ಕಲಮುಗಳನ್ನು ರದ್ದುಗೊಳಿಸಿದ ಕರ್ನಾಟಕ ಉಚ್ಚ ನ್ಯಾಯಾಲಯವೂ ಕೌಶಲಕ್ಕೂ ಅದೃಷ್ಟಕ್ಕೂ ಇರುವ ಭೇದವನ್ನು ಎತ್ತಿಹಿಡಿಯಿತು. ಆ ತರ್ಕಕ್ಕೆ ನನ್ನ ಗೌರವವಿದೆ.

ಆದರೆ ಪಣವನ್ನು ಅಳೆಯಬೇಕಾದುದು ನಡುವಿನ ರಾಶಿಯಿಂದಲೋ, ಆಡುವವನ ಸಮಸ್ತ ಸಂಪತ್ತಿನಿಂದಲೋ? 1956ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಕೆಲಿ ಇದಕ್ಕೊಂದು ಸೂತ್ರವನ್ನು ಕೊಟ್ಟನು: ಸಮಪಣದಲ್ಲಿ ಗೆಲುವಿನ ಸಂಭವ ಶೇ. 55 ಇದ್ದರೆ ಇರುವುದರ ಶೇ. 10ನ್ನು ಒಡ್ಡಬಹುದು; ಸಂಭವ ಶೇ. 50 ಆದರೆ ಒಡ್ಡಬೇಕಾದುದು ಸೊನ್ನೆ. ಆಟ ನಡೆಸುವ ಸಂಸ್ಥೆ ಪ್ರತಿ ರಾಶಿಯಿಂದ ತನ್ನ ಪಾಲನ್ನು ಕಡಿದುಕೊಳ್ಳುವುದರಿಂದ, ಅದರಲ್ಲಿಯೂ ಸಣ್ಣ ಪಣದಲ್ಲಿ ಆ ಕಡಿತವು ಪ್ರಮಾಣತಃ ಭಾರವಾಗುವುದರಿಂದ, ಸಮಬಲರಾದವರೆಲ್ಲರೂ ಕಾಲಕ್ರಮದಲ್ಲಿ ಸೋಲುವವರೇ.

ಧರ್ಮರಾಯನ ಸೋಲಿಗೆ ನಾವು ಶಕುನಿಯ ಕಪಟವೊಂದನ್ನೇ ಕಾರಣವಾಗಿ ಹೇಳುತ್ತ ಬಂದಿದ್ದೇವೆ. ಕುಮಾರವ್ಯಾಸನ ಗದುಗಿನ ಸೀಮೆಯಲ್ಲಿ ಆ ಕಥೆಯನ್ನು ಕೇಳದೆ ಬೆಳೆದವರುಂಟೆ? ಆದರೂ ಸಭಾಪರ್ವದ ಪಣಗಳ ಕ್ರಮವನ್ನು ಗಮನಿಸುವವರು ವಿರಳ. ಮಣಿಹಾರದಿಂದ ತೊಡಗಿ, ರಥ, ಆನೆ, ಕುದುರೆ, ನಾಡುಗಳನ್ನು ದಾಟಿ, ನಕುಲ, ಸಹದೇವ, ಅರ್ಜುನ, ಭೀಮರನ್ನು ಒಬ್ಬೊಬ್ಬರನ್ನಾಗಿ ಒಡ್ಡಿ, ತನ್ನನ್ನೂ ಸೋತು, ಕಡೆಗೆ ದ್ರೌಪದಿಯನ್ನೇ ಇಟ್ಟ ಆ ದೊರೆಯ ಪಣವು ಸೋಲಿನೊಡನೆ ಕುಗ್ಗುವುದಕ್ಕೆ ಬದಲಾಗಿ ಹಿಗ್ಗುತ್ತ ಹೋಯಿತು. ದಾಳಗಳು ಶುದ್ಧವಾಗಿದ್ದರೂ ಹಾಗೆ ಒಡ್ಡುವವನು ಉಳಿಯುತ್ತಿರಲಿಲ್ಲ! ಕಳೆದುದನ್ನು ಮರಳಿ ಪಡೆಯುವ ಹಠದಲ್ಲಿ, ರಾತ್ರಿ ಮೊಬೈಲಿನ ಮುಂದೆ ಪಣವನ್ನು ಇಮ್ಮಡಿಸುವ ತರುಣನ ಕೈಯನ್ನು ಯಾವ ಸೂತ್ರವೂ ಹಿಡಿಯಲಾರದು.

ಒಕ್ಕಲುತನವೂ ಮಳೆಯೊಡನಾಡುವ ಜೂಜಲ್ಲವೆ ಎಂಬ ಆಕ್ಷೇಪ ಗಟ್ಟಿಯಾದುದು. ಆದರೆ ಪೋಕರಿನಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟದಿಂದಲೇ ಬರುತ್ತದೆ. ಎರೆಯ ಹೊಲದಲ್ಲಿ ಬೆಳೆದ ಹೆಸರು ಹಾಗೆ ಬಂದುದಲ್ಲ. ಅಲ್ಲದೆ ಇಲ್ಲಿಯ ಜಾಣ ಒಕ್ಕಲಿಗ ಇದ್ದುದೆಲ್ಲವನ್ನೂ ಮುಂಗಾರಿಗೇ ಸುರಿಯದೆ, ಹಿಂಗಾರಿಯ ಜೋಳ-ಕಡಲೆಗೆಂದು ಕೈಯಲ್ಲಿಷ್ಟು ಉಳಿಸಿಕೊಳ್ಳುತ್ತಾನೆ.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಕೌಶಲ, ಅದೃಷ್ಟಗಳ ಭೇದವನ್ನೆಣಿಸದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುತ್ತದೆ. ನಿಷೇಧವನ್ನು ನಾನು ಸ್ವಾಗತಿಸುತ್ತೇನೆ, ಆದರೆ ತರುಣರು ಕಲಿತ ಗಣಿತ ವ್ಯರ್ಥವಾಗಬಾರದು: ಹೆಸರಿಗೆ ಎಷ್ಟು ಎಕರೆ, ಹಿಂಗಾರಿಗೆ ಬಿಡುವುದೆಷ್ಟು, ಮುಂಗಾರಿ ಬೆಳೆಗೆ ವಿಮಾಮೊತ್ತದ ಶೇ. 2ರ ಕಂತು ತೆರುವುದು ಲಾಭವೆ ಎಂಬ ಲೆಕ್ಕಗಳೂ ಅದೇ ಗಣಿತಕ್ಕೆ ಸೇರಿದವು, ಮತ್ತು ಅವನ್ನು ಮಾಡಿಕೊಡುವವರು ಹಳ್ಳಿಗಳಲ್ಲಿ ಇನ್ನೂ ತೀರ ಕಡಮೆ.