ಆಟದ ಪೀರಿಯಡ್ ಕಸಿದುಕೊಂಡವರಿಗೆ

ಜನವರಿ ಬಂತೆಂದರೆ ನಮ್ಮ ಹೈಸ್ಕೂಲುಗಳಲ್ಲಿ ಮೊದಲು ಕಾಣೆಯಾಗುವುದು ಆಟದ ಪೀರಿಯಡ್. ಗಣಿತದ ಮೇಷ್ಟ್ರು ಪೋರ್ಷನ್ ಮುಗಿದಿಲ್ಲ ಎನ್ನುತ್ತಾರೆ, ಪಿ.ಟಿ. ಮೇಷ್ಟ್ರು ತಕರಾರಿಲ್ಲದೆ ಬಿಟ್ಟುಕೊಡುತ್ತಾರೆ. ಪಿಯುಸಿಗೆ ಬಂದ ಮೇಲಂತೂ ಕೇಳುವುದೇ ಬೇಡ. ಬೆಳಿಗ್ಗೆ ಕಾಲೇಜು, ಸಂಜೆ ಕೋಚಿಂಗ್, ರಾತ್ರಿ ಟೆಸ್ಟ್ ಪೇಪರು. ಹದಿನೈದರಿಂದ ಹದಿನೆಂಟರವರೆಗೆ ನಮ್ಮ ಮಕ್ಕಳು ಓಡುವುದನ್ನೇ ಬಿಡುತ್ತಾರೆ. ಅಲ್ಲ, ನಾವು ಬಿಡಿಸುತ್ತೇವೆ. ಬಿಡಿಸಿ, "ಇದು ಓದೋ ವಯಸ್ಸು, ಆಟ ಆಮೇಲೆ ಆಡಿದರಾಯಿತು" ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ.

ಈ ಸಮಾಧಾನಕ್ಕೆ ಆಧಾರವಿಲ್ಲ.

ಸ್ವೀಡನ್ನಿನಲ್ಲಿ ಹಿಂದೆ ಹದಿನೆಂಟು ತುಂಬಿದ ಹುಡುಗರು ಸೇನೆಯ ಕಡ್ಡಾಯ ತಪಾಸಣೆಗೆ ಹೋಗಬೇಕಿತ್ತು. ಅಲ್ಲಿ ಸೈಕಲ್ ತುಳಿಸಿ ದಮ್ಮು ಅಳೆಯುತ್ತಿದ್ದರು, ತೋಳಿನ ಬಲ ನೋಡುತ್ತಿದ್ದರು, ಬುದ್ಧಿಶಕ್ತಿಯ ಪರೀಕ್ಷೆಯನ್ನೂ ಕೊಡುತ್ತಿದ್ದರು. 1950ರಿಂದ 1976ರ ನಡುವೆ ಹುಟ್ಟಿದ 12 ಲಕ್ಷಕ್ಕೂ ಹೆಚ್ಚು ಯುವಕರ ಈ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ದಮ್ಮು ಹೆಚ್ಚಿದ್ದವರ ಬುದ್ಧಿಯ ಅಂಕವೂ ಹೆಚ್ಚಿತ್ತು. ತೋಳಿನ ಬಲಕ್ಕೂ ಬುದ್ಧಿಗೂ ಅಂಥ ನಂಟು ಕಾಣಲಿಲ್ಲ. ಕನ್ನಡಿಯ ಮುಂದೆ ತೋಳು ಉಬ್ಬಿಸಿ ಇಷ್ಟು ಸಾಕೆಂದುಕೊಂಡಿರುವ ಹುಡುಗರು ಇದನ್ನು ಗಮನಿಸಲಿ. ಇನ್ನೂ ಮುಖ್ಯವಾದದ್ದೊಂದಿದೆ: 15ರಿಂದ 18ರ ನಡುವೆ ದಮ್ಮು ಬೆಳೆಸಿಕೊಂಡವರು, ಅದೇ ಅವಧಿಯಲ್ಲಿ ಕಳೆದುಕೊಂಡವರಿಗಿಂತ ಮುಂದಿದ್ದರು.

ನಾವು ಮೈದಾನಕ್ಕೆ ಬೀಗ ಹಾಕುವುದು ಸರಿಯಾಗಿ ಅದೇ ಮೂರು ವರ್ಷ.

ಅನುಕೂಲಸ್ಥರ ಮನೆಯ ಮಕ್ಕಳು ಆಟದಲ್ಲೂ ಪಾಠದಲ್ಲೂ ಮುಂದಿರುವುದು ಸಹಜವಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇಂಥ ದಾಖಲೆಯೊಂದರಿಂದಲೇ ಇದಕ್ಕೆ ಇದೇ ಕಾರಣ ಎಂದು ಹೇಳಲಾಗದು. ಆದರೆ ಸ್ವೀಡನ್ನಿನ ಆ ಸಂಶೋಧಕರು ಒಂದೇ ಮನೆಯ ಅಣ್ಣತಮ್ಮಂದಿರನ್ನೂ ಅವಳಿಗಳನ್ನೂ ಹೋಲಿಸಿ ನೋಡಿದ್ದರು. ಅಲ್ಲಿಯೂ ಈ ನಂಟು ಉಳಿದಿತ್ತು. 2007ರಲ್ಲಿ ಜರ್ಮನಿಯಲ್ಲಿ ನಡೆದ ಸಣ್ಣ ಪ್ರಯೋಗವೊಂದರಲ್ಲಿ 27 ಮಂದಿಗೆ ಹೊಸ ಪದಗಳನ್ನು ಕಲಿಸಿದರು. ಸುಮ್ಮನೆ ಕೂತ ಮೇಲೊಮ್ಮೆ, ನಿಧಾನವಾಗಿ ಓಡಿದ ಮೇಲೊಮ್ಮೆ, ಮೂರು ಮೂರು ನಿಮಿಷದಂತೆ ಎರಡು ಸಲ ಜೀವ ಬಿಟ್ಟು ಓಡಿದ ಮೇಲೊಮ್ಮೆ. ಬಿರುಸಾಗಿ ಓಡಿದ ಮೇಲೆ ಪದಗಳು ಶೇ 20ರಷ್ಟು ಬೇಗ ತಲೆಗೆ ಹತ್ತಿದವು.

ಇದರ ಒಳಗುಟ್ಟು ದೇಹದಲ್ಲೇ ಇದೆ. ಮಿದುಳು ದೇಹದ ತೂಕದಲ್ಲಿ ಶೇ 2ರಷ್ಟಿದ್ದರೂ ವಿಶ್ರಾಂತಿಯಲ್ಲಿರುವಾಗ ಬಳಸುವ ಶಕ್ತಿಯಲ್ಲಿ ಶೇ 20ರಷ್ಟನ್ನು ತಾನೇ ನುಂಗುತ್ತದೆ. ಏದುಸಿರು ಬರುವಷ್ಟು ಓಡಿದಾಗ ಸ್ನಾಯುಗಳಲ್ಲಿ ಹುಟ್ಟುವ ಲ್ಯಾಕ್ಟೇಟ್ ರಕ್ತದ ಜೊತೆ ಮಿದುಳಿಗೆ ಹೋಗಿ ಅಲ್ಲಿ ಇಂಧನವಾಗುತ್ತದೆ. ನರಕೋಶಗಳ ನಡುವಿನ ಬೆಸುಗೆಯನ್ನು ಬಲಪಡಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನು ರಕ್ತದಲ್ಲಿ ಏರುತ್ತದೆ.

ಒಂದು ಹಾಳೆಯ ಮೇಲೆ "ಕೆಂಪು" ಎಂದು ನೀಲಿ ಶಾಯಿಯಲ್ಲಿ ಬರೆಯಿರಿ, "ಹಸಿರು" ಎಂದು ಕೆಂಪಿನಲ್ಲಿ. ಪದ ಓದದೆ ಬರೀ ಬಣ್ಣ ಹೇಳುತ್ತ ಹೋಗಿ. ನಾಲಿಗೆ ತಡವರಿಸುತ್ತದೆ, ಓದಬೇಡವೆಂದರೂ ಕಣ್ಣು ಓದಿಬಿಡುತ್ತದೆ. 1935ರಲ್ಲಿ ಸ್ಟ್ರೂಪ್ ಎಂಬ ಮನಶ್ಶಾಸ್ತ್ರಜ್ಞ ಪ್ರಕಟಿಸಿದ ಪರೀಕ್ಷೆ ಇದು. ಅಡ್ಡ ಬರುವುದನ್ನು ತಳ್ಳಿ, ಬೇಕಾದದ್ದಕ್ಕೆ ಅಂಟಿಕೊಳ್ಳುವ ಶಕ್ತಿಯ ಅಳತೆ. ಬೆವರಿಳಿಸಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಈ ಶಕ್ತಿ ಚುರುಕಾಗುವುದನ್ನು ಹಲವು ಪ್ರಯೋಗಗಳು ಕಂಡಿವೆ. ಪರೀಕ್ಷಾ ಕೊಠಡಿಯಲ್ಲಿ ನಾಲ್ಕು ಆಯ್ಕೆಗಳಲ್ಲಿ ಮೂರನ್ನು ತಳ್ಳಬೇಕಾದ ಮಕ್ಕಳಿಗೆ ಇದಕ್ಕಿಂತ ಬೇಕಾದದ್ದು ಬೇರೇನಿದೆ?

ಕಳೆದ ವರ್ಷ ಮೂರನೇ ಮಹಡಿಯ ಲ್ಯಾಬಿಗೆ ಹತ್ತಿ ಬಂದ ನನ್ನ ವಿದ್ಯಾರ್ಥಿನಿಯೊಬ್ಬಳು ಕಂಬ ಹಿಡಿದು ನಿಂತಳು. ಹದಿನೇಳು ವರ್ಷ. ಕಾಯಿಲೆ ಕಸಾಲೆ ಏನಿಲ್ಲ. ಎರಡು ನಿಮಿಷ ಮಾತೇ ಹೊರಡಲಿಲ್ಲ. ಕೊನೆಯ ಸಲ ಓಡಿದ್ದು ಯಾವಾಗಮ್ಮಾ ಎಂದೆ. "ಎಂಟನೇ ಕ್ಲಾಸಲ್ಲಿ ಸರ್" ಎಂದಳು. ಹುಡುಗಿಯರಿಗೆ ನಾವು ಮೈದಾನವನ್ನು ಇನ್ನೂ ಎರಡು ವರ್ಷ ಮೊದಲೇ ಮುಚ್ಚುತ್ತೇವೆ.

ಹುಡುಗರೇ, ಹುಡುಗಿಯರೇ, ನಿಮಗೂ ಒಂದು ಮಾತು. ಮೊಬೈಲ್ ನೋಡುತ್ತ ಪಾರ್ಕಿನಲ್ಲಿ ಒಂದು ಸುತ್ತು ಹಾಕುವುದು ವ್ಯಾಯಾಮವಲ್ಲ. ವಾರಕ್ಕೊಮ್ಮೆ ಕ್ರಿಕೆಟ್ಟಿನಲ್ಲಿ ಬೌಂಡರಿ ಬಳಿ ನಿಂತು ಬರುವುದೂ ಅಲ್ಲ. ಹದಿನೆಂಟು ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ, ಇಲ್ಲವೇ 75 ನಿಮಿಷ ಬಿರುಸಿನದು. ಬಿರುಸು ಎಂದರೆ ಮಧ್ಯೆ ಮಾತಾಡಲು ಉಸಿರು ಸಾಲಬಾರದು. ಐದು ದಿನಕ್ಕೆ ಹಂಚಿದರೆ ದಿನಕ್ಕೆ 15 ನಿಮಿಷ. ನೀವು ಅಷ್ಟರಿಂದಲಾದರೂ ಶುರು ಮಾಡಿ. ಅಷ್ಟೂ ಸಮಯವಿಲ್ಲ ಎಂದು ನನ್ನ ಮುಂದೆ ಹೇಳಬೇಡಿ. ಹಾಗೆಂದು ಮೊದಲ ದಿನವೇ ಎದ್ದು ಬಿದ್ದು ಓಡಬೇಡಿ. ವಾರವಾರವೂ ಏರಿಸಿಕೊಂಡು ಹೋಗಿ, ಎದೆಯ ತೊಂದರೆ ಇದ್ದವರು ವೈದ್ಯರನ್ನು ಕೇಳಿ. ನಿದ್ದೆ ಕೆಟ್ಟು ಓಡಬೇಡಿ, ದಣಿದ ಮಿದುಳಿಗೆ ಓಟವೂ ಒದಗುವುದಿಲ್ಲ.

ಸಹೋದ್ಯೋಗಿಗಳೇ, ನಾನೂ ಇಪ್ಪತ್ತು ವರ್ಷ ಆಟದ ಪೀರಿಯಡ್ ಕಸಿದುಕೊಂಡವನೇ. ಮಕ್ಕಳ ಒಳ್ಳೆಯದಕ್ಕೆ ಎಂದೇ ನಂಬಿದ್ದೆ. ಈ ವರ್ಷ ಒಂದನ್ನೂ ತೆಗೆದುಕೊಂಡಿಲ್ಲ. ನಿಮ್ಮ ಟೈಮ್‌ಟೇಬಲ್ಲಿನಲ್ಲೂ ಅಂಥದ್ದೊಂದು ಪೀರಿಯಡ್ ಇದ್ದರೆ, ನಾಳೆಯೇ ಪಿ.ಟಿ. ಮೇಷ್ಟ್ರಿಗೆ ವಾಪಸು ಕೊಡಿ.