ಕೆರೆ ಕಾಮಗಾರಿಗಳಲ್ಲಿ ಕಾಡುಬಾತುಗಳ ಗೂಡಿಗೂ ಜಾಗ ಕೋರಿ ಮನವಿ

ಗೆ,
ಮಾನ್ಯ ಅಪರ ಮುಖ್ಯ ಕಾರ್ಯದರ್ಶಿಗಳು,
ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ: ತುಮಕೂರು ಜಿಲ್ಲೆಯ ಕೆರೆ ಅಚ್ಚುಕಟ್ಟಿನ ರೈತರು, ಕೆರೆ ಮೀನುಗಾರರು ಮತ್ತು ಹವ್ಯಾಸಿ ಪಕ್ಷಿ ವೀಕ್ಷಕರು.

ವಿಷಯ: ಕೆರೆ ಹೂಳೆತ್ತುವ ಕಾಮಗಾರಿಗಳ ಅಂದಾಜು ಪಟ್ಟಿಯಲ್ಲಿ ಬಾತುಗಳಿಗೆ ನಡುಗಡ್ಡೆ ಹಾಗೂ ಗೂಡುಪೆಟ್ಟಿಗೆ ಸೇರಿಸುವ ಬಗ್ಗೆ.

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ ನಮ್ಮ ಭಾಗದ ಒಂದು ಕೆರೆಯಲ್ಲಿ ಏರಿಯ ಒಳಮೈ ಸವರುತ್ತಿದ್ದ ಜೆಸಿಬಿ ಚಾಲಕ ಇದ್ದಕ್ಕಿದ್ದಂತೆ ಯಂತ್ರ ನಿಲ್ಲಿಸಿ ಕೆಳಗಿಳಿದ. ಎರಡು ಮಾರು ದೂರದ ಜೊಂಡಿನ ಬುಡದಿಂದ ಬಾತೊಂದು ಬಡಬಡಿಸಿ ಎದ್ದಿತ್ತು. ಹೋಗಿ ನೋಡಿದರೆ ಒಣಹುಲ್ಲಿನ ತಗ್ಗು, ತಾಯಿ ತನ್ನ ಎದೆಯಿಂದಲೇ ಕಿತ್ತು ಹಾಸಿದ ಪುಕ್ಕ, ಅದರ ಮೇಲೆ ಬೂದು ಬಣ್ಣಕ್ಕೆ ತಿರುಗಿದ ಎಂಟು ಬಿಳಿ ಮೊಟ್ಟೆ. ಚಾಲಕ ಪಕ್ಕದಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ, ಅಷ್ಟು ಜಾಗ ಬಿಟ್ಟು ಕೆಲಸ ಮುಂದುವರಿಸಿದ. ಆದರೆ ಸುತ್ತಲಿನ ಜೊಂಡೆಲ್ಲ ಹೋದ ಮೇಲೆ ಗೂಡು ಬಟ್ಟಬಯಲಿನಲ್ಲಿ ಕುಳಿತಂತಾಯಿತು. ಮರುದಿನ ಬೆಳಿಗ್ಗೆ ಉಳಿದದ್ದು ಕಾಗೆ ಕುಕ್ಕಿದ ಚಿಪ್ಪು. ಚಾಲಕನನ್ನು ದೂರುವಂತಿಲ್ಲ, ಕೆಲಸದ ಪಟ್ಟಿಯಲ್ಲಿ ‘ಜಂಗಲ್ ಕ್ಲಿಯರೆನ್ಸ್’ ಎಂದೇ ಬರೆದಿತ್ತು.

ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಿದೆ. ಅವು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು; ಸಂತೋಷ. ಆದರೆ ಅವು ಇಲ್ಲಿ ಮೊಟ್ಟೆ ಇಡುವುದಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಮರಿ ಮಾಡುವ ಬಾತುಗಳು ಬೇರೆ. ಚುಕ್ಕೆ ಕೊಕ್ಕಿನ ಬಾತು ನೀರಂಚಿನ ಹುಲ್ಲಿನಲ್ಲಿ ನೆಲಕ್ಕೇ ಗೂಡು ಮಾಡುತ್ತದೆ. ಸಿಳ್ಳೆ ಬಾತು ಮರದ ಪೊಟರೆಯನ್ನೋ ಕಾಗೆ, ಹದ್ದು ಬಿಟ್ಟುಹೋದ ಹಳೆಯ ಗೂಡನ್ನೋ ಹಿಡಿಯುತ್ತದೆ, ಸಿಗದಿದ್ದರೆ ಜೊಂಡಿನೊಳಗೆ ಕೂರುತ್ತದೆ. ಕಾಟನ್ ಟೀಲ್ ಎಂಬ ಪುಟ್ಟ ಬಾತಿಗೆ ನೀರಿನ ಬಳಿ ಪೊಟರೆಯೇ ಆಗಬೇಕು. ಏರಿಗೆ ಕಲ್ಲು ಹೊದಿಸಿ, ದಂಡೆಯನ್ನು ಗೋಡೆಯಂತೆ ಕಡಿದು, ಮೇಲೆ ವಾಕಿಂಗ್ ಪಾತ್ ಮಾಡಿ, ಟೊಳ್ಳು ಬಿದ್ದ ಹಳೆಯ ಮರವನ್ನು ಅಪಾಯವೆಂದು ಉರುಳಿಸಿದರೆ ಈ ಮೂರಕ್ಕೂ ಒಂದೇ ಕಾಮಗಾರಿಯಲ್ಲಿ ನೆಲೆ ತಪ್ಪುತ್ತದೆ. ನೀರು ತುಂಬಿರುತ್ತದೆ, ಬಾತು ಈಜುತ್ತಲೂ ಇರುತ್ತದೆ. ನೋಡಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ.

ಇದನ್ನು ತಮ್ಮ ಬಳಿಗೆ ತಂದದ್ದಕ್ಕೆ ಕಾರಣವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯನ್ನೂ ಮೊಟ್ಟೆಯನ್ನೂ ಕಾಯುತ್ತದೆ. ಆದರೆ ನಾಳೆ ಮೊಟ್ಟೆ ಇಡಬಹುದಾದ ಜೊಂಡಿನ ಅಂಚನ್ನು ಯಾರೂ ಕಾಯುವುದಿಲ್ಲ. 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಜಲಕಾಯಗಳನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ನಮ್ಮ ಕೆರೆಗಳು ಬಹುಪಾಲು ಅಂಥವೇ. ಅಚ್ಚುಕಟ್ಟು 40 ಹೆಕ್ಟೇರಿನೊಳಗಿದ್ದರೆ ಕೆರೆ ಪಂಚಾಯತ್ ರಾಜ್ ಸಂಸ್ಥೆಗಳದ್ದು, ಮೀರಿದರೆ ಸಣ್ಣ ನೀರಾವರಿ ಇಲಾಖೆಯದ್ದು. ಹಕ್ಕಿ ಮಾತ್ರ ತಮ್ಮದು.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ಈ ಇಲಾಖೆಗಳನ್ನು ಕೂರಿಸಿಕೊಂಡು, ಹೂಳೆತ್ತುವ ಪ್ರತಿ ಅಂದಾಜು ಪಟ್ಟಿಯಲ್ಲೂ ಗೂಡಿನ ನಡುಗಡ್ಡೆ ಎಂಬ ಒಂದು ಬಾಬ್ತು ಇರುವಂತೆ ಸುತ್ತೋಲೆ ಹೊರಡಿಸಬೇಕು. ಖರ್ಚು ದೊಡ್ಡದಲ್ಲ. ಮೇಲಿನ ಗೋಡು ಮಣ್ಣನ್ನು ರೈತರು ಹೊಲಕ್ಕೆ ಹೊಡೆದುಕೊಳ್ಳುತ್ತಾರೆ. ಅಡಿಯ ಗರಸು ಮಣ್ಣನ್ನು ಟಿಪ್ಪರಿನಲ್ಲಿ ಹೊರಗೆ ಸಾಗಿಸುವ ಬದಲು ಅಂಗಳದಲ್ಲೇ ಗುಡ್ಡೆ ಹಾಕಿದರಾಯಿತು. ಗುಡ್ಡೆಯ ಇಳಿಜಾರು ಮಾತ್ರ ನಿಧಾನವಾಗಿರಬೇಕು, ಕಡಿದಾಗಿದ್ದರೆ ಮರಿ ಹತ್ತಲಾರದೆ ನೀರಿನಲ್ಲೇ ಸುಸ್ತಾಗುತ್ತದೆ. ನೀರು ಇಳಿದಾಗ ನಾಯಿ ನಡೆದು ಹೋಗದಂತೆ ಸುತ್ತ ಆಳದ ಕಾಲುವೆ ಇರಲಿ. ಮೇಲೆ ಹುಲ್ಲು, ಲಾವಂಚ ಸಾಕು. ದಯವಿಟ್ಟು ಮರ ನೆಡಿಸಬೇಡಿ. ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲಿನ ಕೆರೆಯಲ್ಲಿರುವ ಕರಿಜಾಲಿ ಮರಗಳು ಕೊಕ್ಕರೆಗಳಿಗೆ ವರವಾಗಿವೆ, ನಿಜ. ನೆಲದಲ್ಲಿ ಕಾವು ಕೂರುವ ಬಾತಿಗೆ ಅದೇ ಮರ ಕಾಗೆಯ ಕಾವಲುಗೋಪುರವಾಗುತ್ತದೆ.

ಪೊಟರೆ ಹುಡುಕುವ ಬಾತುಗಳಿಗೆ ಮರದ ಪೆಟ್ಟಿಗೆ ಬೇಕು. ಅಮೆರಿಕದಲ್ಲಿ ಅಳಿವಿನಂಚಿಗೆ ಹೋಗಿದ್ದ ವುಡ್ ಡಕ್ ಚೇತರಿಸಿಕೊಂಡದ್ದರಲ್ಲಿ ಬೇಟೆ ನಿಷೇಧದ ಜೊತೆಗೆ 1930ರ ದಶಕದಿಂದ ತೂಗುಹಾಕಿದ ಇಂಥ ಪೆಟ್ಟಿಗೆಗಳ ಪಾಲೂ ಇದೆ. ಅಲ್ಲಿ ಕಲಿತ ಪಾಠಗಳು ಇಲ್ಲಿಗೂ ಒದಗುತ್ತವೆ. ಬಾತು ಹುಲ್ಲುಕಡ್ಡಿ ಹೊತ್ತು ತರುವುದಿಲ್ಲ, ಒಳಗೆ ನಾಲ್ಕು ಬೆರಳು ಮರದ ಹೊಟ್ಟನ್ನು ನಾವೇ ಹಾಸಬೇಕು. ಬಾಗಿಲಿನ ಕೆಳಗಿನ ಒಳಮೈಗೆ ಗೀರು ಹಾಕಿರಬೇಕು. ಮೊಟ್ಟೆ ಒಡೆದ ಮರುದಿನವೇ ಮರಿಗಳು ಉಗುರಿನಿಂದ ಅದನ್ನು ಹಿಡಿದು ಹತ್ತಿ ಕೆಳಗೆ ಹಾರುತ್ತವೆ. ಪೆಟ್ಟಿಗೆ ನೀರಿನ ಮೇಲಿನ ಕಂಬದಲ್ಲಿದ್ದು, ಕಂಬಕ್ಕೆ ತಗಡಿನ ಕೊಡೆ ಇರಬೇಕು, ಇಲ್ಲದಿದ್ದರೆ ಕೇರೆ ಹಾವಿಗೆ ಊಟ ಬಡಿಸಿದಂತೆ. ಒತ್ತೊತ್ತಾಗಿ ಕಟ್ಟಿದರೆ ಹಲವು ಹೆಣ್ಣುಗಳು ಒಂದೇ ಪೆಟ್ಟಿಗೆಯಲ್ಲಿ ಮೊಟ್ಟೆ ಸುರಿದು ಯಾವುದೂ ಸರಿಯಾಗಿ ಕಾವಾಗುವುದಿಲ್ಲ. ಮೊದಲು ಜಿಲ್ಲೆಗೆ ಎರಡು ಕೆರೆಯಲ್ಲಿ ಮೂರು ವರ್ಷ ನೋಡೋಣ. ವರ್ಷಕ್ಕೊಮ್ಮೆ ಜೇನು, ಅಳಿಲಿನ ಗೂಡು ತೆಗೆದು ಹೊಟ್ಟು ಬದಲಿಸುವ ಕೆಲಸ ನಮಗಿರಲಿ. ಅದಕ್ಕೆ ಲಿಖಿತ ಅನುಮತಿ ಕೊಡಿ. ಯಾರೂ ನೋಡಿಕೊಳ್ಳದ ಪೆಟ್ಟಿಗೆ ಕಟ್ಟುವುದಕ್ಕಿಂತ ಕಟ್ಟದಿರುವುದೇ ವಾಸಿ.

ದಂಡೆಯ ಜೊಂಡು ಸವರುವುದನ್ನು ಮಳೆಗಾಲದಿಂದ ಡಿಸೆಂಬರ್ ಕೊನೆಯವರೆಗೆ ನಿಲ್ಲಿಸಬೇಕು. ಸಿಳ್ಳೆ ಬಾತು ಮಳೆಯಲ್ಲಿ, ಚುಕ್ಕೆ ಕೊಕ್ಕಿನದು ನಮ್ಮ ಕಡೆ ಹೆಚ್ಚಾಗಿ ನವೆಂಬರ್-ಡಿಸೆಂಬರಿನಲ್ಲಿ ಕಾವು ಕೂರುತ್ತವೆ.

ನಡುಗಡ್ಡೆಯಿಂದ ನೀರಿನ ಜಾಗ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ತೂಬಿನ ನೀರು ನಂಬಿದವರು ನಾವೇ. ಅಷ್ಟು ನಷ್ಟ ನಮಗೆ ಒಪ್ಪಿಗೆ. ಬಾತು ಭತ್ತದ ಮಡಿಗೆ ಇಳಿಯುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಅದಕ್ಕೂ ಒಂದು ಪರಿಹಾರದ ದಾರಿ ತಾವು ಗೊತ್ತುಮಾಡಬೇಕು. ಇನ್ನು ಮನುಷ್ಯ ಕಟ್ಟಿದ ಜಾಗದಲ್ಲಿ ಹಕ್ಕಿ ಕೂರುವುದೇ ಎಂದು ಕೇಳುವವರಿಗೆ ರಂಗನತಿಟ್ಟನ್ನು ತೋರಿಸಬಹುದು. 1640ರ ದಶಕದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದಲೇ ಆ ನಡುಗಡ್ಡೆಗಳು ಆದವು. 1940ರಲ್ಲಿ ಅದೇ ಪಕ್ಷಿಧಾಮವಾಯಿತು.

ಮುಂದಿನ ಸಾಲಿನ ಅಂದಾಜು ಪಟ್ಟಿಗಳು ಅಂತಿಮವಾಗುವ ಮೊದಲು ನಮ್ಮನ್ನು ಒಂದು ಸಭೆಗೆ ಕರೆಯಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಲಗತ್ತಿಸಿವೆ)

ಅಡಕ: ಗೂಡಿನ ಛಾಯಾಚಿತ್ರ, ಮಾದರಿ ಪೆಟ್ಟಿಗೆಯ ಅಳತೆ ನಕ್ಷೆ.